ಪರರ ಬಾಯಿಗೆ ತುತ್ತಿಡುವ ಕೈಗಳ ಪ್ರಮಾಣೀಕರಣ

ಆಹಾರ ನಿರ್ವಾಹಕರ ಪ್ರಮಾಣೀಕರಣ ವಿಭಾಗ
ಕೋಶಿಮ್ ಬೆರ್ ಪಟ್ಟಣ

ಸುತ್ತೋಲೆ ಸಂಖ್ಯೆ: ಆನಿಪ್ರ/ತುತ್ತು/೩/ತಿದ್ದುಪಡಿಯ ತಿದ್ದುಪಡಿ
ದಿನಾಂಕ: ಹಿದಾರ್ ತಿಂಗಳ ೨೧, ಶುಕ್ರವಾರ

ವಿಷಯ: ಊಟದ ಮನೆಗಳಲ್ಲಿ ಒಬ್ಬರು ಇನ್ನೊಬ್ಬರ ಬಾಯಿಗೆ ತುತ್ತಿಡಲು ಬೇಕಾದ ಆರೋಗ್ಯ ಪ್ರಮಾಣಪತ್ರ, ತುತ್ತುಗಳ ಸಂಖ್ಯೆ, ಕೈಯ ಮಾಲೀಕತ್ವ, ಹಾಗೂ ಶ್ರೀಮತಿ ಶೆವಾಯೆ ಲೆಮ್ಮ ಅವರ ಊಟದ ಮನೆಗೆ ಬೀಗಮುದ್ರೆ ಹಾಕುವ ವಿಚಾರ.

ಉಲ್ಲೇಖ: (೧) ಆಹಾರ ನಿರ್ವಾಹಕರ ನಿಯಮಾವಳಿ, ನಿಯಮ ೨(ಗ). ಮೂವತ್ತೊಂದು ವರ್ಷ ಹಳೆಯದು, ಕೈಬರಹ, ಅಂಚನ್ನು ಇಲಿ ತಿಂದಿದೆ. (೨) ಇದೇ ವಿಭಾಗದ ಸುತ್ತೋಲೆ ೧ ಮತ್ತು ೨. (೩) ಇನ್‌ಸ್ಪೆಕ್ಟರ್ ಶ್ರೀ ದಾಮ್ತೆವ್ ಅವರ ವರದಿ, ಶಿರೊ ಎಂಬ ಹಿಟ್ಟಿನ ಗೊಜ್ಜಿನ ಕಲೆಯ ಸಹಿತ. (೪) ಶ್ರೀ ತೆಸೆಮಾ ಅವರ ಮೌಖಿಕ ಅರ್ಜಿ.

ಮೇಲ್ಕಂಡ ವಿಷಯವಾಗಿ ಈಗಾಗಲೇ ಎರಡು ಸುತ್ತೋಲೆಗಳನ್ನು ಹೊರಡಿಸಲಾಗಿದ್ದು, ಮೊದಲನೆಯದನ್ನು ಯಾರೂ ಓದಿಲ್ಲವೆಂದೂ, ಎರಡನೆಯದನ್ನು ಎಲ್ಲರೂ ಓದಿ ಜಗಳವಾಡಿದ್ದಾರೆಂದೂ ವಿಭಾಗದ ಗಮನಕ್ಕೆ ಬಂದಿರುತ್ತದೆ. ಆದಕಾರಣ ಪಟ್ಟಣದ ಸಮಸ್ತ ಊಟದ ಮನೆಗಳ ಮಾಲೀಕರು, ಅಡುಗೆಯವರು, ಬಡಿಸುವವರು, ಉಣ್ಣುವವರು ಹಾಗೂ ಉಣ್ಣುವವರ ಪಕ್ಕದಲ್ಲಿ ಕೂರುವವರು ಈ ಕೆಳಗಿನ ಅಂಶಗಳನ್ನು ಊಟಕ್ಕೆ ಮುಂಚೆ, ಕೈ ತೊಳೆದುಕೊಂಡು, ಓದಿ ಅರ್ಥ ಮಾಡಿಕೊಳ್ಳತಕ್ಕದ್ದು. ಅರ್ಥವಾಗದಿದ್ದಲ್ಲಿ ಮತ್ತೊಮ್ಮೆ ಕೈ ತೊಳೆಯತಕ್ಕದ್ದು.

೧. ಪ್ರಮಾಣಪತ್ರ ಯಾರಿಗೆ ಬೇಕು ಎಂದು ಜನ ಪದೇ ಪದೇ ಕೇಳುತ್ತಿರುವುದು ವಿಷಾದನೀಯ. ನಿಯಮ ೨(ಗ) ಹಗಲಿನಷ್ಟು ಸ್ಪಷ್ಟವಾಗಿದೆ: "ಇನ್ನೊಬ್ಬರ ಬಾಯಿಗೆ ಹೋಗಲಿರುವ ಆಹಾರವನ್ನು ತನ್ನ ಕೈಯಿಂದ ಮುಟ್ಟುವ ಯಾವುದೇ ವ್ಯಕ್ತಿಯನ್ನು ಆಹಾರ ನಿರ್ವಾಹಕನೆಂದು ಭಾವಿಸತಕ್ಕದ್ದು." ಇಂಥ ನಿರ್ವಾಹಕರು ಮೂರು ತಿಂಗಳಿಗೊಮ್ಮೆ ಎದೆ, ಚರ್ಮ, ಉಗುರು ಮತ್ತು ಮಲ ಪರೀಕ್ಷೆ ಮಾಡಿಸಿ, ಮೂರು ದಿನ ತರಬೇತಿಯಲ್ಲಿ ಕುಳಿತು, ಲಿಖಿತ ಪರೀಕ್ಷೆಯಲ್ಲಿ ಪಾಸಾಗಿ, ಭಾವಚಿತ್ರವಿರುವ ಹಸಿರು ಪ್ರಮಾಣಪತ್ರ ಪಡೆದು ಗೋಡೆಗೆ ನೇತುಹಾಕತಕ್ಕದ್ದು. ಮಲ ಪರೀಕ್ಷೆಯ ಮಾದರಿಯನ್ನು ಬೆಂಕಿಪೊಟ್ಟಣದಲ್ಲಿ ತರುವ ಹಳೆಯ ರೂಢಿಯನ್ನು ಈ ಮೂಲಕ ರದ್ದುಪಡಿಸಲಾಗಿದೆ. ವಿಭಾಗದ ಕಾವಲುಗಾರರು ಕಳೆದ ತಿಂಗಳು ಕಾಫಿ ಒಲೆ ಹಚ್ಚಲು ಹೋಗಿ ಅನುಭವಿಸಿದ್ದನ್ನು ಇಲ್ಲಿ ವಿವರಿಸುವುದಿಲ್ಲ.

೨. ಊಟಕ್ಕೆ ಕೂತಾಗ ಇಂಜೆರಾ ರೊಟ್ಟಿ ಹರಿದು, ಶಿರೊದಲ್ಲಿ ಅದ್ದಿ, ಸುರುಳಿ ಸುತ್ತಿ, ಪಕ್ಕದವರ ಬಾಯಿಗೆ ಕೈಯಾರೆ ಇಡುವ ಪದ್ಧತಿಗೆ, ಅಂದರೆ ಗುರ್ಶಾಕ್ಕೆ, ಸದರಿ ನಿಯಮ ಅನ್ವಯಿಸುತ್ತದೆಯೇ ಎಂದು ತರಬೇತಿಯ ಹಿಂದಿನ ಬೆಂಚಿನಲ್ಲಿ ಕೂತಿದ್ದ ಒಬ್ಬರು ಕೇಳಿದರು. ಕೇಳದೇ ಇದ್ದಿದ್ದರೆ ಚೆನ್ನಾಗಿತ್ತು. ಕೇಳಿದ ಮೇಲೆ ವಿಭಾಗವು ಉತ್ತರ ಕೊಡಲೇಬೇಕಾಯಿತು. ತುತ್ತು ಹೋಗುವುದು ಇನ್ನೊಬ್ಬರ ಬಾಯಿಗೆ. ಮುಟ್ಟಿದ್ದು ಕೈ. ಆದ್ದರಿಂದ ಊಟದ ಮನೆಯಲ್ಲಿ ಗುರ್ಶಾ ಇಡುವ ಗಂಡ, ಹೆಂಡತಿ, ಬೀಗರು, ಗೆಳೆಯರು, ಮುನಿಸಿಕೊಂಡವರನ್ನು ಒಲಿಸಿಕೊಳ್ಳುವವರು, ಎಲ್ಲರೂ ಆಹಾರ ನಿರ್ವಾಹಕರೇ. ಇವರು ಒಂದು ತಿಂಗಳೊಳಗೆ ಪ್ರಮಾಣಪತ್ರ ಪಡೆಯಬೇಕೆಂದೂ, ಪಡೆದವರೂ ಒಂದು ಊಟಕ್ಕೆ ಒಬ್ಬರಿಗೆ ಒಂದೇ ತುತ್ತು ಇಡಬೇಕೆಂದೂ ಸುತ್ತೋಲೆ ೨ರಲ್ಲಿ ಸೂಚಿಸಲಾಯಿತು. ಸ್ವಂತ ಮನೆಯೊಳಗಿನ ಗುರ್ಶಾಕ್ಕೆ ಸದ್ಯ ವಿನಾಯಿತಿ ಇದೆ, ಕಿಟಕಿ ಮುಚ್ಚಿದ್ದರೆ.

೩. "ಒಂದು ತುತ್ತು ಜಗಳ, ಎರಡು ತುತ್ತು ಪ್ರೀತಿ" ಎಂಬ ಗಾದೆ ಈ ಸೀಮೆಯಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಸುತ್ತೋಲೆ ೨ನ್ನು ರಚಿಸುವಾಗ ಅದು ರಚನಾ ಸಮಿತಿಯ ಐವರಿಗೂ ನೆನಪಾಗಲಿಲ್ಲ. ಪರಿಣಾಮವಾಗಿ ಒಂದೇ ತುತ್ತಿಟ್ಟು ಕೈ ತೊಳೆದುಕೊಂಡ ವರನ ಕಡೆಯವರ ಮೇಲೆ ಮುನಿಸಿಕೊಂಡು ವಧುವಿನ ಸೋದರಮಾವ ಎದ್ದು ಹೋಗಿದ್ದು, ಇಬ್ಬರು ಪಾಲುದಾರರು ಹಿಟ್ಟಿನ ಗಿರಣಿಯನ್ನು ಭಾಗ ಮಾಡಿಕೊಂಡಿದ್ದು, ಒಟ್ಟು ನಲವತ್ತು ದೂರುಗಳು ಬಂದಿರುತ್ತವೆ. ಇವುಗಳಲ್ಲಿ ಮೂವತ್ತೊಂಬತ್ತನ್ನು "ಜನರಲ್ಲಿ ಆರೋಗ್ಯ ಜಾಗೃತಿ ಹೆಚ್ಚಿದೆ" ಎಂಬ ಶೀರ್ಷಿಕೆಯಡಿ ಲಗತ್ತಿಸಲಾಗಿದೆ. ನಲವತ್ತನೆಯದು ವಿಭಾಗದ ಇನ್‌ಸ್ಪೆಕ್ಟರರದೇ ಆಗಿರುವುದರಿಂದ ಅದನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕಾಗಿ ಬಂತು.

೪. ಹಿದಾರ್ ೫, ಬುಧವಾರ, ಮಾಂಸ, ಹಾಲು ಬಿಟ್ಟು ಉಣ್ಣುವ ಉಪವಾಸದ ದಿನ. ಬೆಳಗಿನಿಂದೆಣಿಸಿ ಆರು ಗಂಟೆ, ಅಂದರೆ ಸೂರ್ಯ ನೆತ್ತಿಯ ಮೇಲಿದ್ದ ಹೊತ್ತು. ಇನ್‌ಸ್ಪೆಕ್ಟರ್ ಶ್ರೀ ದಾಮ್ತೆವ್ ಅವರು ಬಸ್ ನಿಲ್ದಾಣದ ಹಿಂದಿರುವ ಶ್ರೀಮತಿ ಶೆವಾಯೆ ಲೆಮ್ಮ ಅವರ ಊಟದ ಮನೆಗೆ ತಪಾಸಣೆಗೆ ತೆರಳಿದರು. ನಾಲ್ಕು ಮೇಜು, ಒಂದು ಒಲೆ, ಬಾಗಿಲಲ್ಲಿ ಕೈ ತೊಳೆಯಲು ಹೂಜಿ ಮತ್ತು ಬೋಗುಣಿ. ಮಾಲೀಕರ ಪ್ರಮಾಣಪತ್ರ ಗೋಡೆಯ ಮೇಲೆ ಗಾಜು ಹಾಕಿಸಿಕೊಂಡು ನೇತಾಡುತ್ತಿದ್ದು, ಅವಧಿ ಮುಗಿದಿರಲಿಲ್ಲ. ಇಡೀ ಪಟ್ಟಣದಲ್ಲಿ ಅವಧಿ ಮುಗಿಯದ ಪ್ರಮಾಣಪತ್ರ ಇದೊಂದೇ ಎಂಬುದನ್ನು ವಿಭಾಗವು ಹೆಮ್ಮೆಯಿಂದಲ್ಲದಿದ್ದರೂ ಪ್ರಾಮಾಣಿಕವಾಗಿ ದಾಖಲಿಸುತ್ತದೆ.

ಆದರೆ ಬಾಗಿಲ ಪಕ್ಕದ ಮೇಜಿನಲ್ಲಿ ಗಂಭೀರ ಉಲ್ಲಂಘನೆ ಕಂಡುಬಂತು. ಎಪ್ಪತ್ತೆಂಟು ವರ್ಷದ ಶ್ರೀ ತೆಸೆಮಾ ಎಂಬ ನಿವೃತ್ತರು ಅಲ್ಲಿ ಕೂತಿದ್ದರು. ಅವರ ಎರಡೂ ಕೈ ನಡುಗುತ್ತವೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಮಾತು ಇವರ ಮಟ್ಟಿಗೆ ಬರೀ ಮಾತಲ್ಲ. ನಾಲ್ಕು ವರ್ಷಗಳಿಂದ ಪ್ರತಿ ಮಧ್ಯಾಹ್ನ, ಆ ಮೇಜಿನಲ್ಲಿ ಯಾರು ಕೂತಿರುತ್ತಾರೋ ಅವರು ಸರದಿಯ ಮೇಲೆ ಇವರ ಬಾಯಿಗೆ ತುತ್ತಿಡುವುದು ಅಲ್ಲಿನ ವಾಡಿಕೆ. ಅಂದು ಹಾಗೆ ತುತ್ತಿಟ್ಟವರು ಒಂಬತ್ತು ಮಂದಿ. ಒಬ್ಬರ ಬಳಿಯೂ ಪ್ರಮಾಣಪತ್ರ ಇರಲಿಲ್ಲ. ಒಂಬತ್ತು ಪ್ರಕರಣ ದಾಖಲಿಸಿ, ಹದಿನೈದು ದಿನಗಳಲ್ಲಿ ಸರಿಪಡಿಸದಿದ್ದರೆ ಊಟದ ಮನೆಗೆ ಬೀಗಮುದ್ರೆ ಹಾಕುವಂತೆ ಶ್ರೀ ದಾಮ್ತೆವ್ ಅವರು ಸ್ಥಳದಲ್ಲೇ ಶಿಫಾರಸು ಮಾಡಿದರು.

೫. ಸದರಿ ಶಿಫಾರಸಿಗೆ ಸ್ವಲ್ಪ ಮೊದಲು ನಡೆದದ್ದರ ಬಗ್ಗೆ ಶ್ರೀಮತಿ ಶೆವಾಯೆ ಅವರು ಕೊಟ್ಟ ಹೇಳಿಕೆಯನ್ನು, ತಿದ್ದಲು ಪ್ರಯತ್ನಿಸಿ ಸೋತು, ಆಡಿದಂತೆಯೇ ಇಲ್ಲಿ ನಮೂದಿಸಲಾಗಿದೆ:

"ಬಂದ, ಕೂತ, ಬರೀತಾ ಇದ್ದ. ಹಸ್ಕೊಂಡವನ ಮುಖ ನಂಗೆ ಗೊತ್ತಾಗಲ್ವಾ? ಇಪ್ಪತ್ತಾರು ವರ್ಷದಿಂದ ಊಟ ಹಾಕ್ತಿದೀನಿ. ಬರೆಯೋವಾಗ್ಲೇ ಬಾಯಿಗೊಂದು ತುತ್ತಿಟ್ಟೆ. ನುಂಗಿದ. ಅಕ್ಕನ್ನ ಕರೆಯೋ ಹಾಗೆ 'ಎತ್ಯೆ, ಶಿರೊ ಚೆನ್ನಾಗಿದೆ' ಅಂದ. ಆಮೇಲೆ ಪೆನ್ನು ಕೆಳಗಿಟ್ಟು ಇನ್ನೊಂದಕ್ಕೆ ಬಾಯಿ ತೆಗೆದ. 'ಒಂದೇ ಅಂತ ನಿಮ್ಮ ಕಾಗದದಲ್ಲೇ ಇದೆಯಲ್ಲಪ್ಪ ದಾಮ್ತೆವ್' ಅಂದೆ. ಬಾಯಿ ಹಾಗೇ ಸ್ವಲ್ಪ ಹೊತ್ತು ತೆರ್ಕೊಂಡಿತ್ತು ಪಾಪ. ಆಮೇಲೆ ಮುಚ್ದ. ಪೆನ್ನು ತಗೊಂಡ. ಅಲ್ಲಿವರೆಗೂ ಎರಡೇ ಹೆಸರು ಬರ್ದಿದ್ದ. ಆಮೇಲೆ ಒಂಬತ್ತಾಯ್ತು."

ಉಂಡ ಮನೆಗೆ ಎರಡು ಬಗೆಯಬಹುದೇ ಎಂದು ಶ್ರೀ ದಾಮ್ತೆವ್ ಅವರಿಂದ ಲಿಖಿತ ವಿವರಣೆ ಕೇಳಲಾಯಿತು. ಒಂದೇ ತುತ್ತು ಸಿಕ್ಕಿದ್ದರಿಂದ ಅದನ್ನು ಉಂಡ ಮನೆ ಎಂದು ಪರಿಗಣಿಸಲು ಬರುವುದಿಲ್ಲ ಎಂದು ಅವರು ಉತ್ತರಿಸಿದ್ದಾರೆ. ವಿವರಣೆ ತಾಂತ್ರಿಕವಾಗಿ ಸರಿ ಇದೆ.

೬. ಮರುದಿನದಿಂದ ಆ ಒಂಬತ್ತು ಮಂದಿ ತಮ್ಮ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಳ್ಳತೊಡಗಿದರು. ಪ್ರಮಾಣಪತ್ರವಿದ್ದ ಏಕೈಕ ವ್ಯಕ್ತಿಯಾದ ಶ್ರೀಮತಿ ಶೆವಾಯೆ ತಾವೇ ಬಂದು ಮುದುಕರಿಗೆ ಉಣಿಸಲು ಮುಂದಾದರು. ಆದರೆ ಒಂದು ಊಟಕ್ಕೆ ಒಬ್ಬರಿಗೆ ಒಂದೇ ತುತ್ತು ಎಂಬ ಮಿತಿ ಇವರಿಗೂ ಉಂಟು. ಇದನ್ನು ದಾಟಲು ಅವರು ಪ್ರತಿ ತುತ್ತಿನ ನಂತರ "ಊಟ ಮುಗೀತು" ಎಂದು ಗಟ್ಟಿಯಾಗಿ ಸಾರಿ, ಹೂಜಿಯಿಂದ ಮುದುಕರ ಕೈಗೆ ನೀರು ಹಾಕಿ, ಒಲೆಗೆ ಹೋಗಿ ಬಡಿಸಿಕೊಂಡು ಬಂದು ಮತ್ತೆ ಹೊಸ ಊಟ ಆರಂಭಿಸಿದರು. ಜೊತೆಗೆ ಒಲೆಯ ಮುಂದೆ ಬಿಳಿ ಏಪ್ರನ್, ಮೇಜಿನ ಬಳಿ ನೀಲಿ ಏಪ್ರನ್ ಎಂಬ ಸುತ್ತೋಲೆ ೧ರ ನಿಯಮವೂ ಇರುವುದರಿಂದ, ಗುರುವಾರ ಒಂದೇ ಮಧ್ಯಾಹ್ನ ಶ್ರೀ ತೆಸೆಮಾ ಅವರಿಗೆ ಇಪ್ಪತ್ತೆರಡು ಊಟಗಳೂ ಶ್ರೀಮತಿ ಶೆವಾಯೆ ಅವರಿಗೆ ನಲವತ್ತನಾಲ್ಕು ಬಾರಿ ಏಪ್ರನ್ ಬದಲಾವಣೆಯೂ ಆದವು. ಶಿರೊ ತಳ ಹಿಡಿಯಿತು. ಗಿರಾಕಿಗಳು ಅರೆಹೊಟ್ಟೆಯಲ್ಲಿ ಎದ್ದರು.

ಇದನ್ನೆಲ್ಲ ಕೂತಲ್ಲಿಂದ ನೋಡಿದ ಶ್ರೀ ತೆಸೆಮಾ ಅವರು "ಇವತ್ತಿಗೆ ಹೊಟ್ಟೆ ತುಂಬ್ತಮ್ಮ, ನೀನು ಒಲೆ ನೋಡ್ಕೋ ಹೋಗು" ಎಂದು ಹೇಳಿ ಹೋದವರು ಶುಕ್ರವಾರದಿಂದ ಬರಲಿಲ್ಲ. ಅವರ ಕೋಣೆಯಲ್ಲಿ ಒಣ ರೊಟ್ಟಿಯನ್ನು ಬಟ್ಟಲಿನ ಚಹಾದಲ್ಲಿ ನೆನೆಹಾಕಿ, ಬಟ್ಟಲಿಗೇ ಬಾಯಿ ಹಚ್ಚಿ ತಿನ್ನುತ್ತಿರುವುದು ಕಂಡುಬಂತೆಂದು ನೆರೆಯವರು ತಿಳಿಸಿದ್ದಾರೆ. ಹಾಗೆ ತಿನ್ನುವುದರಿಂದ ಯಾವ ನಿಯಮದ ಉಲ್ಲಂಘನೆಯೂ ಆಗುವುದಿಲ್ಲ ಎಂದು ಸ್ಪಷ್ಟಪಡಿಸಲಾಗಿದೆ. ಈ ವಾಕ್ಯವನ್ನು ಬೆರಳಚ್ಚು ಮಾಡುವಾಗ ಪ್ರಧಾನ ಗುಮಾಸ್ತರು ಎರಡು ಸಲ ನಿಲ್ಲಿಸಿದರು.

೭. ಒಂಬತ್ತು ಮಂದಿಗೆ ವಿಶೇಷ ತರಬೇತಿ ಏರ್ಪಡಿಸಲಾಯಿತು. ಮೂರು ದಿನವೂ ಅವರು ಬಂದಿದ್ದು, ಲಿಖಿತ ಪರೀಕ್ಷೆಯಲ್ಲಿ ಒಂಬತ್ತಕ್ಕೆ ಒಂಬತ್ತೂ ಮಂದಿ ಮೊದಲ ಪ್ರಶ್ನೆಯಲ್ಲೇ ಮುಗ್ಗರಿಸಿದರು. ಪ್ರಶ್ನೆ: "ಆಹಾರವನ್ನು ಮುಟ್ಟುವ ಮೊದಲು ನೀವು ಮಾಡಬೇಕಾದ ಮೊಟ್ಟಮೊದಲ ಕೆಲಸ ಯಾವುದು?" ಸರಿಯುತ್ತರ: ಕೈ ತೊಳೆಯುವುದು. ಒಂಬತ್ತೂ ಮಂದಿ ಬರೆದ ಉತ್ತರ: "ಬನ್ನಿ, ಊಟ ಮಾಡೋಣ ಅಂತ ಸುತ್ತ ಇದ್ದವರನ್ನೆಲ್ಲ ಕರೆಯುವುದು." ನಕಲು ಹೊಡೆದಿರಬಹುದೆಂಬ ಶಂಕೆಯ ಮೇಲೆ ಬಜಾಜ್ ಆಟೋ ಓಡಿಸುವ ಒಬ್ಬ ಅಭ್ಯರ್ಥಿಯನ್ನು ವಿಚಾರಿಸಲಾಗಿ, "ಇದಕ್ಕೂ ನಕಲು ಹೊಡೀಬೇಕಾ ಸ್ವಾಮಿ, ಕರೀದೆ ಉಣ್ಣೋಕೆ ನಾವೇನು ಕತ್ತೆಕಿರುಬಗಳಾ" ಎಂದು ಕೇಳಿದರು. ಎಲ್ಲರೂ ಅನುತ್ತೀರ್ಣರು. ಮರುಪರೀಕ್ಷೆ ಬರುವ ತಿಂಗಳು.

೮. ಬದಲಿ ವ್ಯವಸ್ಥೆಗಳನ್ನೂ ವಿಭಾಗವು ತೆರೆದ ಮನಸ್ಸಿನಿಂದ ಪರಿಶೀಲಿಸಿತು. ಶ್ರೀ ತೆಸೆಮಾ ಅವರ ಕೋಣೆಗೇ ಶಿರೊ ಒಯ್ದು ಅವರಿಗೆ ಚಮಚ ನೀಡಲಾಯಿತು. ಚಮಚದಲ್ಲಿದ್ದದ್ದು ಅವರ ಬಾಯಿಗೆ ಹೋಗುವ ಬದಲು ಎದುರು ಕೂತಿದ್ದ ಶ್ರೀ ದಾಮ್ತೆವ್ ಅವರ ವರದಿಯ ಮೇಲೆ ಹೋಯಿತು (ಉಲ್ಲೇಖ ೩, ಕಲೆ). ಒಂಬತ್ತು ಮಂದಿಗೆ ರಬ್ಬರ್ ಕೈಗವಸು ಹಂಚಲಾಯಿತು. ಕೈಗವಸಿನ ಕೈಯಿಂದ ತುತ್ತಿಡಲು ಹೋದಾಗ ಮುದುಕರು ಬಾಯಿ ಬಿಗಿಹಿಡಿದು, ತಮಗೇನು ಕಾಯಿಲೆಯೇ ಎಂದು ಕಣ್ಣಲ್ಲೇ ಕೇಳಿದರೆಂದು ವರದಿಯಾಗಿದೆ. ಕಣ್ಣಲ್ಲಿ ಕೇಳಿದ ಪ್ರಶ್ನೆಗಳಿಗೆ ಉತ್ತರಿಸುವ ಅಧಿಕಾರ ವಿಭಾಗಕ್ಕಿಲ್ಲ.

೯. ಈ ಹಂತದಲ್ಲಿ ನಿಯಮ ೨(ಗ)ದ ಮೂಲ ಉದ್ದೇಶವೇನೆಂದು ತಿಳಿಯಲು ಹಳೆಯ ಕಡತವನ್ನು ಅಟ್ಟದಿಂದ ಇಳಿಸಲಾಯಿತು. ಕರಡು ಬರೆದವರ ಹೆಸರಿನ ಮೇಲಿದ್ದ ಧೂಳನ್ನು ಒರೆಸಿ ನೋಡಲಾಗಿ, ಅದು ಈ ವಿಭಾಗದ ಪ್ರಥಮ ಗುಮಾಸ್ತರಾಗಿದ್ದ ಶ್ರೀ ತೆಸೆಮಾ ಎಂದಿತ್ತು. ಮಾಡಿದ್ದುಣ್ಣೋ ಮಹರಾಯ ಎಂದು ಯಾರೋ ಅಂದರು. ಉಣ್ಣುವುದಕ್ಕೇ ಆಗದೆ ತಾನೇ ಈ ಕಡತ ಇಳಿದದ್ದು ಎಂದು ಇನ್ನೊಬ್ಬರು ಹೇಳಿದರು. ಈ ಸುತ್ತೋಲೆಯ ಕರಡು ಬರೆಯುತ್ತಿರುವ ಪ್ರಧಾನ ಗುಮಾಸ್ತರಿಗೆ ಅಕ್ಷರ ದುಂಡಗೆ ಬರೆಯಲು ಕಲಿಸಿದವರೂ ಅವರೇ ಎಂಬ ಸಂಗತಿ ಪ್ರಸ್ತುತ ವಿಷಯಕ್ಕೆ ಸಂಬಂಧಪಟ್ಟದ್ದಲ್ಲ.

೧೦. ಪ್ರಧಾನ ಗುಮಾಸ್ತರು ಶ್ರೀ ತೆಸೆಮಾ ಅವರ ಕೋಣೆಗೆ ಹೋಗಿ ಪಡೆದ ಹೇಳಿಕೆ:

"ನಾನೇ ಬರ್ದಿದ್ದು ಕಣಪ್ಪ. ಆಗ ಊರಲ್ಲಿ ವಾಂತಿಭೇದಿ. ಮೂರು ವಾರದಲ್ಲಿ ಹದಿನೇಳು ಜನ ಹೋದ್ರು. ಕೊಳೆ ಕೈಯಲ್ಲಿ ಇಂಜೆರಾ ಮಾರೋರನ್ನ ಹಿಡೀಬೇಕಿತ್ತು, ಒಬ್ರೂ ತಪ್ಪಿಸ್ಕೋಬಾರ್ದು ಅಂತ 'ಯಾವುದೇ ವ್ಯಕ್ತಿ' ಅಂತ ಹಾಕ್ದೆ. ಆಗ ನನ್ನ ಕೈ ಗಟ್ಟಿ ಇತ್ತು ನೋಡು. ಇನ್ನೊಬ್ರ ಕೈಯಲ್ಲಿ ಉಣ್ಣೋ ದಿನ ಬರತ್ತೆ ಅಂತ ಗಟ್ಟಿ ಕೈಯಿರೋನಿಗೆ ಹೊಳೆಯಲ್ಲ. ತಪ್ಪು ನನ್ನದೇ. ಆದ್ರೆ ಶೆವಾಯೆ ಬಾಗಿಲಿಗೆ ಬೀಗ ಹಾಕ್ಬೇಡಿ. ನಾನು ಒಬ್ನು ಹೋಗದೇ ಇದ್ರೆ ಆಯ್ತಲ್ಲ."

ಸದರಿ ಹೇಳಿಕೆಯನ್ನು ದಾಖಲಿಸಿಕೊಂಡು ಹೊರಡುವಾಗ ಅವರು ಬಾಗಿಲವರೆಗೆ ಬಂದು, ಒಂದು ನಿಮಿಷ ನಿಲ್ಲಿಸಿ, ಮತ್ತೂ ಹೇಳಿದ್ದೇನೆಂದರೆ: "ನಲವತ್ತನೇ ನಿಯಮ ಓದಿದೀಯಾ? ಅರ್ಥದಲ್ಲಿ ಅನುಮಾನ ಬಂದ್ರೆ ಕರಡು ಬರೆದೋನ ಮಾತೇ ಕೊನೆ ಅಂತ ಇದೆ. ಅದೂ ನಾನೇ ಬರ್ದಿದ್ದು. ಹಾಗಾದ್ರೆ ಬರ್ಕೋ. ತಿದ್ದುಪಡಿ ಒಂದೇ ಸಾಲು." ಆ ಸಾಲನ್ನು ಮೌಖಿಕ ಅರ್ಜಿ ಎಂದು ಸ್ವೀಕರಿಸಿ, ಕಾನೂನು ಶಾಖೆಗೆ ಕಳಿಸಿ, ಕಾನೂನು ಶಾಖೆಯಲ್ಲಿ ಯಾರೂ ಇಲ್ಲದ ಕಾರಣ ಆಕ್ಷೇಪವಿಲ್ಲವೆಂದು ಭಾವಿಸಲಾಗಿದೆ.

೧೧. ಅದರಂತೆ, ಸುತ್ತೋಲೆ ೨ರಲ್ಲಿ ಏನೇ ಇದ್ದರೂ, ತಕ್ಷಣದಿಂದ ಜಾರಿಗೆ ಬರುವಂತೆ ಆದೇಶಿಸಿರುವುದೇನೆಂದರೆ:

(ಅ) ಉಣ್ಣುವವನು ಉಣಿಸುವವನ ಮಣಿಕಟ್ಟನ್ನು ಹಿಡಿದುಕೊಂಡಿರುವಷ್ಟು ಹೊತ್ತು, ಆ ಕೈಯನ್ನು ಉಣ್ಣುವವನದೇ ಎಂದು ಭಾವಿಸತಕ್ಕದ್ದು. ತನ್ನ ಕೈಯಿಂದ ತನ್ನ ಬಾಯಿಗೆ ತುತ್ತಿಟ್ಟುಕೊಳ್ಳಲು ಯಾವ ಪ್ರಮಾಣಪತ್ರವೂ ಬೇಕಾಗಿಲ್ಲ.

(ಆ) ಹಿಡಿತ ಸಡಿಲಿಸಿದ ಕೂಡಲೇ ಕೈಯನ್ನು ಮೂಲ ಮಾಲೀಕರಿಗೆ ಹಿಂದಿರುಗಿಸಲಾಗಿದೆ ಎಂದು ಭಾವಿಸತಕ್ಕದ್ದು. ಉಂಗುರ, ಗಡಿಯಾರ ಮತ್ತು ಐದು ಬೆರಳುಗಳನ್ನು ಸರಿಯಾಗಿವೆಯೇ ಎಂದು ನೋಡಿಕೊಳ್ಳುವುದು ಮಾಲೀಕರ ಜವಾಬ್ದಾರಿ.

(ಇ) ಕೈ ಬೇರೆಯವರದಾಗಿರುವ ಅವಧಿಯಲ್ಲಿ ಮೂಗು ತುರಿಸಿದಲ್ಲಿ, ಮೂಗು ಯಾರದೆಂದು ಮೊದಲು ನಿರ್ಧರಿಸಿ, ನಂತರ ಎಡಗೈಯಿಂದ ಕೆರೆದುಕೊಳ್ಳತಕ್ಕದ್ದು.

(ಈ) ಎಡಗೈಯನ್ನು ಈ ಉದ್ದೇಶಕ್ಕೆ ಹಿಡಿಯುವಂತಿಲ್ಲ. ಎಡಗೈಯಲ್ಲಿ ತುತ್ತಿಡಬಾರದೆಂಬುದು ಯಾವ ಸುತ್ತೋಲೆಯೂ ಇಲ್ಲದೆ ಮೊದಲಿನಿಂದ ನಡೆದುಬಂದಿದ್ದು, ಈ ಪಟ್ಟಣದಲ್ಲಿ ಸಂಪೂರ್ಣವಾಗಿ ಪಾಲನೆಯಾಗುತ್ತಿರುವ ನಿಯಮ ಇದೊಂದೇ. ಸುತ್ತೋಲೆ ಇಲ್ಲದಿರುವುದೇ ಅದಕ್ಕೆ ಕಾರಣವೇ ಎಂಬ ಬಗ್ಗೆ ಅಧ್ಯಯನ ಕೈಗೊಳ್ಳಲಾಗುವುದಿಲ್ಲ.

(ಉ) ತುತ್ತುಗಳ ಗರಿಷ್ಠ ಮಿತಿಯನ್ನು ರದ್ದುಪಡಿಸಿ, ಕನಿಷ್ಠ ಮಿತಿ ಎರಡು ಎಂದು ನಿಗದಿ ಮಾಡಲಾಗಿದೆ. ಎರಡನೆಯದನ್ನು ಇಡಲು ಮರೆತವರು ಜಗಳಕ್ಕೆ ತಾವೇ ಹೊಣೆ. ವಿಭಾಗವು ಇನ್ನು ಮುಂದೆ ಆ ಹೊಣೆಯನ್ನು ಹಂಚಿಕೊಳ್ಳುವುದಿಲ್ಲ.

೧೨. ಈ ತಿದ್ದುಪಡಿ ಆಚರಣೆಯಲ್ಲಿ ಸಾಧ್ಯವೇ ಎಂದು ಪರೀಕ್ಷಿಸಲು ಹಿದಾರ್ ೧೯, ಬುಧವಾರ, ಬೀಗಮುದ್ರೆಯ ಗಡುವಿಗೆ ಒಂದು ದಿನ ಮೊದಲು, ಶ್ರೀಮತಿ ಶೆವಾಯೆ ಅವರ ಊಟದ ಮನೆಯಲ್ಲಿ ಪ್ರಾತ್ಯಕ್ಷಿಕೆ ನಡೆಸಲಾಯಿತು. ಶ್ರೀ ತೆಸೆಮಾ ಅವರನ್ನು ಬಜಾಜ್‌ನಲ್ಲಿ ಕರೆತರಲಾಯಿತು. ಶ್ರೀ ದಾಮ್ತೆವ್ ಅವರು ಒಂದು ಕೈಯಲ್ಲಿ ವರದಿಯ ಪುಸ್ತಕ, ಇನ್ನೊಂದು ಕೈಯಲ್ಲಿ ಬೀಗ ಹಿಡಿದು ಹಾಜರಿದ್ದರು. ಒಂಬತ್ತು ಮಂದಿಯೂ ಕೈ ತೊಳೆದುಕೊಂಡು ಕೂತಿದ್ದರಾದರೂ, ಒಮ್ಮೆ ಹೆಸರು ಬರೆಸಿಕೊಂಡವರಾದ್ದರಿಂದ ಒಬ್ಬರೂ ಕೈ ಮುಂದೆ ಮಾಡಲಿಲ್ಲ. ಶ್ರೀಮತಿ ಶೆವಾಯೆ ಬಿಳಿ ಏಪ್ರನ್‌ನಲ್ಲಿ ಒಲೆಯ ಮುಂದೆ ನಿಂತಿದ್ದರು. ಮುದುಕರ ಮುಂದಿನ ತಟ್ಟೆ ಆರುತ್ತಿತ್ತು. ಮುಂದಿನದು ಹಾಜರಿದ್ದವರ ಹೇಳಿಕೆಗಳಿಂದ:

ಶೆವಾಯೆ ಒಲೆಯ ಕಡೆಯಿಂದಲೇ, "ದಾಮ್ತೆವ್, ನಿನಗೂ ಬಲಗೈ ಅಂತ ಒಂದಿದೆಯಲ್ಲ" ಅಂದರು. "ನನ್ ಹತ್ರ ಪ್ರಮಾಣಪತ್ರ ಇಲ್ಲ ಎತ್ಯೆ" ಎಂದು ಇನ್‌ಸ್ಪೆಕ್ಟರರು ಎಲ್ಲರೆದುರು ಒಪ್ಪಿಕೊಂಡರು. "ಅದಕ್ಕೇ ತಾನೇ ನಾನು ಹಿಡ್ಕೊಳ್ಳೋದು, ಬಾ ಮಗನೇ" ಎಂದು ತೆಸೆಮಾ ಎರಡೂ ಕೈ ಚಾಚಿದರು. ಇನ್‌ಸ್ಪೆಕ್ಟರರು ಬೀಗವನ್ನು ಬೆಂಚಿನ ಮೇಲಿಟ್ಟು, ಬಾಗಿಲಿಗೆ ಹೋಗಿ ಕೈ ತೊಳೆದುಕೊಂಡು ಬಂದು ಕೂತರು.

ಇಪ್ಪತ್ತೆರಡು ತುತ್ತು. ಒಂದು ಹನಿಯೂ ದಾರಿಯಲ್ಲಿ ಚೆಲ್ಲಲಿಲ್ಲ. "ಸಾಕಾ ಗಾಶೆ?" ಎಂದು ಇನ್‌ಸ್ಪೆಕ್ಟರರು, ಹಿರಿಯಣ್ಣನನ್ನು ಕರೆಯುವಂತೆ, ಕೇಳಿದ್ದಕ್ಕೆ, "ಹನ್ನೆರಡು ದಿನದ್ದು ಬಾಕಿ ಇದೆ, ಸಾಕು ಅನ್ನೋದು ನಾನು ಹೇಳ್ತೀನಿ ಬಿಡು" ಎಂಬ ಉತ್ತರ ಬಂತು. ಊಟ ಮುಗಿದ ಮೇಲೆ ಶ್ರೀಮತಿ ಶೆವಾಯೆ ನೀಲಿ ಏಪ್ರನ್ ತೊಟ್ಟು ಬಂದು, ಹಿದಾರ್ ೫ರಂದು ತಪ್ಪಿಹೋಗಿದ್ದ ಎರಡನೆಯ ತುತ್ತನ್ನು ಇನ್‌ಸ್ಪೆಕ್ಟರರ ಬಾಯಿಗೆ ಇಟ್ಟರು. ನಲವತ್ತನೆಯ ದೂರು ಇದರೊಂದಿಗೆ ಇತ್ಯರ್ಥವಾಗಿದೆ. ಬೀಗವನ್ನು ಬೆಂಚಿನ ಮೇಲೆಯೇ ಮರೆತು ಬಂದಿರುವುದಾಗಿ ಇನ್‌ಸ್ಪೆಕ್ಟರರು ತಿಳಿಸಿದ್ದು, ಅದನ್ನು ತರಲು ಯಾರನ್ನೂ ಕಳಿಸಲಾಗಿಲ್ಲ. ಬೀಗಮುದ್ರೆಯ ಶಿಫಾರಸನ್ನು ಕೈಬಿಡಲಾಗಿದೆ.

೧೩. ವರದಿಯಲ್ಲಿ ಒಂದು ಅಂಶ ಮಾತ್ರ ಬಗೆಹರಿಯದೆ ಉಳಿದಿತ್ತು. ನಾಲ್ಕೈದು ತುತ್ತು ಆಗುವ ಹೊತ್ತಿಗೆ ಹಿಡಿದುಕೊಂಡ ಕೈಗಳ ನಡುಕ ನಿಂತುಹೋಗಿತ್ತೆಂದೂ, ಆಮೇಲೆ ಕೊನೆಯವರೆಗೆ ನಡುಗುತ್ತಿದ್ದದ್ದು ಹಿಡಿಸಿಕೊಂಡ ಕೈಯೆಂದೂ ಒಂಬತ್ತು ಸಾಕ್ಷಿಗಳು ಒಂದೇ ಬಾಯಲ್ಲಿ ಹೇಳಿದ್ದಾರೆ. ಈ ಕುರಿತು ಶ್ರೀ ದಾಮ್ತೆವ್ ಅವರು ವಿವರಣೆ ನೀಡಲು ನಿರಾಕರಿಸಿದ್ದಾರೆ. ಅಂಶ ೧೧(ಅ) ಪ್ರಕಾರ ಆ ಹೊತ್ತಿನಲ್ಲಿ ಆ ಕೈ ಶ್ರೀ ತೆಸೆಮಾ ಅವರದೇ ಆಗಿದ್ದರಿಂದ, ನಡುಕವೂ ಅವರದೇ ಎಂದು ನಮೂದಿಸಿ ಕಡತವನ್ನು ಮುಕ್ತಾಯಗೊಳಿಸಲಾಗಿದೆ.

ಸಹಿ/-
ಪ್ರಧಾನ ಗುಮಾಸ್ತ
ನಿರ್ದೇಶಕರ ಪರವಾಗಿ
(ನಿರ್ದೇಶಕರು ಊಟಕ್ಕೆ ಹೋಗಿದ್ದಾರೆ. ಬಸ್ ನಿಲ್ದಾಣದ ಹಿಂದೆ.)

ಪ್ರತಿಗಳು:

೧. ಪಟ್ಟಣದ ಎಲ್ಲ ಊಟದ ಮನೆಗಳಿಗೆ. ಗೋಡೆಗೆ ಅಂಟಿಸತಕ್ಕದ್ದು. ಅಂಟಿಸಲು ಶಿರೊ ಬಳಸತಕ್ಕದ್ದಲ್ಲ.
೨. ಸುತ್ತೋಲೆ ೨ರ ರಚನಾ ಸಮಿತಿಯ ಐವರು ಸದಸ್ಯರಿಗೆ, ಗಾದೆಗಳ ಅಧ್ಯಯನಕ್ಕಾಗಿ.
೩. ವಧುವಿನ ಸೋದರಮಾವನಿಗೆ, ವಾಪಸು ಬರುವಂತೆ ಕೋರಿಕೆಯೊಂದಿಗೆ.
೪. ವಿಭಾಗದ ಕಾವಲುಗಾರರಿಗೆ, ಹೊಸ ಬೆಂಕಿಪೊಟ್ಟಣದ ಸಹಿತ.
೫. ಇನ್‌ಸ್ಪೆಕ್ಟರ್ ಶ್ರೀ ದಾಮ್ತೆವ್ ಅವರಿಗೆ. ಪ್ರಮಾಣಪತ್ರಕ್ಕೆ ಅರ್ಜಿ ನಮೂನೆ ಲಗತ್ತಿಸಿದೆ. ತರಬೇತಿಯಲ್ಲಿ ಹಿಂದಿನ ಬೆಂಚು ಖಾಲಿ ಇದೆ.
೬. ಶ್ರೀಮತಿ ಶೆವಾಯೆ ಲೆಮ್ಮ ಅವರಿಗೆ. ಬೀಗ ಅಲ್ಲೇ ಇರಲಿ.
೭. ಶ್ರೀ ತೆಸೆಮಾ ಅವರಿಗೆ. ಕಾಗದ ಹಿಡಿದುಕೊಳ್ಳಲು ಅವರಿಗೆ ಆಗದ ಕಾರಣ ಯಾರಾದರೂ ಓದಿ ಹೇಳತಕ್ಕದ್ದು. ಓದುವವರು ಕಾಗದವನ್ನು ಎಡಗೈಯಲ್ಲಿ ಹಿಡಿಯತಕ್ಕದ್ದು. ಬಲಗೈಯನ್ನು ಅವರು ಕೇಳಬಹುದು.